ರೆಡ್ ಡಾಟ್ ಇದ್ದ ಮೇಲೂ ಐರನ್ ಸೈಟ್ ಬೇಕಾ?

ಪ್ರಶ್ನೆ, ತೀರ್ಥಹಳ್ಳಿಯಿಂದ: ಟಾರ್ಗೆಟ್ ಅಭ್ಯಾಸದ ನನ್ನ ಪಾಯಿಂಟ್ 22 ರೈಫಲ್‌ಗೆ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸೋ, ಸೆಲ್‌ನಿಂದ ನಡೆಯೋ ಗುರಿ ಸಾಧನ) ಹಾಕಿಸಿದ್ದೇನೆ. ಹಳೇ ಐರನ್ ಸೈಟ್, ಅಂದ್ರೆ ಗುರಿ ಹಿಡಿಯೋ ಲೋಹದ ಕಂಡಿ-ಮೊನೆ, ಸುಮ್ನೆ ಭಾರ ಅಲ್ವಾ? ತೆಗೆಸಲಾ?

ಉತ್ತರ, ಸಾಗರದ ಮಾಜಿ ಸೈನಿಕ: ತೆಗೆಸಬೇಡಿ ಮಾರಾಯ್ರೆ. ಆಷಾಢದ ಮಳೆಯಲ್ಲಿ ನನ್ನ ಗಾಜಿನ ಮೇಲೆ ಹನಿ ಕೂತು, ಒಂದು ಚುಕ್ಕಿ ನಾಲ್ಕಾಗಿ ಕಂಡಿತ್ತು. ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದ್ದರೂ ಹೊರಗಿನ ಮಂಜು ನಿಲ್ಲೋದಿಲ್ಲ. ಇನ್ನೊಮ್ಮೆ ಬಿಲ್ಲೆ ಸೆಲ್ಲೇ ಸತ್ತುಹೋಯ್ತು. ಎರಡು ಸಲವೂ ಐರನ್ ಸೈಟೇ ಕೈ ಹಿಡಿದದ್ದು. ಆದರೆ ಅದನ್ನೂ ಬೇರೆಯಾಗಿ ಜೀರೋ ಮಾಡಿಡಿ, ಅಂದ್ರೆ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಹೊಂದಿಸಿಡಿ. ಇಲ್ಲದಿದ್ದರೆ ಇದ್ದೂ ಪ್ರಯೋಜನವಿಲ್ಲ.

ಉತ್ತರ, ಶಿವಮೊಗ್ಗದಿಂದ: ದೊಡ್ಡದು ಮಾಡಿ ತೋರಿಸೋ ಸ್ಕೋಪ್ ಆದರೆ ಲೆಕ್ಕ ಬೇರೆ. ಅದು ಐರನ್ ಸೈಟಿನ ನೋಟಕ್ಕೆ ಅಡ್ಡ ಬರುತ್ತೆ. ಸ್ಕೋಪನ್ನು ಬೇಗ ಕಳಚೋಕೆ ಆಗೋ ಮೌಂಟ್ (ಹಿಡಿಕೆ) ಬೇಕು, ಇಲ್ಲವೇ ಪಕ್ಕಕ್ಕೆ 45 ಡಿಗ್ರಿ ಓರೆಯಾಗಿ ಕೂರಿಸೋ ಐರನ್ ಸೈಟ್.

ಪ್ರಶ್ನೆ ಕೇಳಿದವರು: ಹಾಗಾದ್ರೆ ಇರಲಿ ಬಿಡಿ. ಭಾನುವಾರವೇ ಜೀರೋ ಮಾಡ್ತೇನೆ.