ಎದೆಯ ನೀರಿನ ವರದಿ: ಟಿಬಿಯೋ, ಲಿಂಫೋಮಾ ಎಂಬ ಕ್ಯಾನ್ಸರೋ? ಅನುಭವ ಇದ್ದವರು ತಿಳಿಸಿ

ಮೈಸೂರಿನ ಚಿಕ್ಕಪ್ಪ: ಅಣ್ಣನ ಮಗನಿಗೆ 17 ವರ್ಷ. ಬಲ ಶ್ವಾಸಕೋಶದ ಸುತ್ತಲಿನಿಂದ 900 ಮಿ.ಲೀ. ನೀರು ತೆಗೆದಿದ್ದಾರೆ. ಹೃದಯದ ಸುತ್ತಲೂ ಸ್ವಲ್ಪ ಇದೆಯಂತೆ. ನೀರಿನಲ್ಲಿ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) 90%, ಎಡಿಎ ಎಂಬ ಕಿಣ್ವ 62. ಒಬ್ಬ ವೈದ್ಯರು ಟಿಬಿ ಮಾತ್ರೆ ಶುರು ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ನೀರನ್ನು ಫ್ಲೋ ಸೈಟೊಮೆಟ್ರಿಗೆ (ಕೋಶಗಳು ಯಾವ ಬಗೆಯವು ಎಂದು ಗುರುತಿಸುವ ಪರೀಕ್ಷೆ) ಕಳುಹಿಸಿ ಎನ್ನುತ್ತಾರೆ. ಏನು ಮಾಡಲಿ?

ಹಾಸನದ ತಂದೆ: ನಮ್ಮ ಹುಡುಗನ ಎಡಿಎ 71 ಇತ್ತು. 40 ದಾಟಿದರೆ ಟಿಬಿ ಎಂಬ ಲೆಕ್ಕದಲ್ಲಿ ಮಾತ್ರೆ ಕೊಟ್ಟರು, ಜೊತೆಗೆ ಸ್ಟೀರಾಯ್ಡ್. ಲಿಂಫೋಮಾದಲ್ಲೂ 40 ದಾಟುತ್ತದೆ ಎಂದು ಯಾರೂ ಹೇಳಲಿಲ್ಲ. ಹತ್ತು ದಿನದಲ್ಲಿ ನೀರು ಇಳಿಯಿತು, ಮನೆದೇವರಿಗೆ ಹರಕೆ ತೀರಿಸಿ ಬಂದೆವು. ನೀರು ಇಳಿಸಿದ್ದು ಟಿಬಿ ಮಾತ್ರೆಯಲ್ಲ, ಸ್ಟೀರಾಯ್ಡ್! ಅದು ಲಿಂಫೋಮಾವನ್ನೂ ಸ್ವಲ್ಪ ದಿನ ಕುಗ್ಗಿಸುತ್ತದೆ. ಏಳನೇ ವಾರಕ್ಕೆ ಹುಡುಗ ಮೂರು ದಿಂಬಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಸಿ.ಟಿ.ಯಲ್ಲಿ ಎದೆಯ ನಡುವೆ ಗಡ್ಡೆ. ಅರಿವಳಿಕೆ ಕೊಟ್ಟರೆ ಉಸಿರೇ ನಿಲ್ಲಬಹುದು ಎಂದು ಬಯಾಪ್ಸಿ ಬಿಟ್ಟು, ಮತ್ತೆ ತುಂಬಿದ ನೀರಿನಿಂದಲೇ ಟಿ-ಲಿಂಫೋಬ್ಲಾಸ್ಟಿಕ್ ಲಿಂಫೋಮಾ (ಟಿ ಕೋಶ ಎಂಬ ಲಿಂಫೋಸೈಟ್‌ಗಳ ಕ್ಯಾನ್ಸರ್) ಎಂದು ಪತ್ತೆ ಮಾಡಿದರು. ಮೊದಲ ದಿನವೇ ಆಗಬಹುದಾಗಿದ್ದ ಕೆಲಸ. ಫ್ಲೋಗೆ 9,500, ಸಿ.ಟಿ.ಗೆ 6,200, ಆಂಬುಲೆನ್ಸ್ ಎರಡು ಸಲ 14,000, ಐಸಿಯು 1,83,000. ಎರಡು ಹಸು ಮಾರಿದೆ, ಅದರಲ್ಲೊಂದು ಗಬ್ಬವಾಗಿತ್ತು.

ಗದಗದ ಮಗಳು: ಹೆದರಿಸುವುದು ಸುಲಭ. ನಮ್ಮ ಅವ್ವನ ವರದಿಯಲ್ಲಿ ‘ಅಸಹಜ ಲಿಂಫೋಸೈಟ್‌ಗಳು, ಲಿಂಫೋಮಾ ತಳ್ಳಿಹಾಕಲಾಗದು’ ಎಂಬ ಒಂದು ಸಾಲಿತ್ತು. ಆ ಸಾಲಿಗಾಗಿ ಬೆಂಗಳೂರಿನ ಲಾಡ್ಜ್‌ನಲ್ಲಿ 22 ದಿನ, ದಿನಕ್ಕೆ 850. ಬಿಸಿನೀರಿಗೆ ಬೇರೆ ದುಡ್ಡು. ಕೊನೆಗೆ ಬಯಾಪ್ಸಿಯಲ್ಲಿ ಟಿಬಿ! ಸರ್ಕಾರಿ ಮಾತ್ರೆ, ಆರು ತಿಂಗಳು, ಬಿಡಿಗಾಸು ಖರ್ಚಿಲ್ಲ. ಈಗ ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ.

ಹಾಸನದ ತಂದೆ: ನಿಮ್ಮದು ಅದೃಷ್ಟ ಬಿಡಿ.

ಗದಗದ ಮಗಳು: ಅವ್ವ 11 ಕಿಲೋ ಇಳಿದಿದ್ದು ಅದೃಷ್ಟವೇ? ದುಃಖ ನಿಮ್ಮೊಬ್ಬರ ಸ್ವತ್ತಲ್ಲ.

ಲ್ಯಾಬ್‌ನವನು: ಟಿಬಿ ನೀರಿನಲ್ಲೂ ಹೆಚ್ಚಾಗಿ ಇರುವುದು ಟಿ ಕೋಶಗಳೇ. ಸೂಕ್ಷ್ಮದರ್ಶಕದಲ್ಲಿ ಬರೀ ನೋಡಿದರೆ ಎಷ್ಟೋ ಸಲ ತೀರ್ಮಾನ ಆಗುವುದಿಲ್ಲ, ಬಲಿಯದ ಕೋಶಗಳಲ್ಲಿರುವ ಟಿಡಿಟಿ, ಸಿಡಿ34 ಎಂಬ ಗುರುತುಗಳನ್ನು ಫ್ಲೋನಲ್ಲಿ ನೋಡಬೇಕು. ಅದಕ್ಕೆ ಜೀವಂತ ಕೋಶ ಬೇಕು. ಮೊನ್ನೆ ಒಬ್ಬರು ಕುಡಿಯುವ ನೀರಿನ ಬಾಟಲಿಯಲ್ಲಿ ಮಾದರಿ ತಂದರು. ಒಳಗೆ ಕೋಶಗಳನ್ನು ಸಾಯಿಸುವ ಫಾರ್ಮಲಿನ್, ಮುಚ್ಚಳಕ್ಕೆ ಬ್ಯಾಂಡೇಜ್ ಪಟ್ಟಿ. ಫ್ಲೋಗೆ ಅದು ಪ್ರಯೋಜನವಿಲ್ಲ.

ಗದಗದ ಮಗಳು: ‘ತಳ್ಳಿಹಾಕಲಾಗದು’ ಎಂದು ಬರೆದು ಕೈ ತೊಳೆದುಕೊಳ್ಳುವವರು ನೀವೇ ಅಲ್ಲವೇ?

ಲ್ಯಾಬ್‌ನವನು: 5 ಮಿ.ಲೀ. ಕಳುಹಿಸಿ ಉಳಿದದ್ದನ್ನು ಚರಂಡಿಗೆ ಸುರಿದರೆ ಇನ್ನೇನು ಬರೆಯಲಿ?

ಸಿಎಂಎಲ್, ಆರನೇ ವರ್ಷ: ನನಗಿರುವುದು ಸಿಎಂಎಲ್, ಒಂದು ಬಗೆಯ ಲುಕೇಮಿಯಾ (ರಕ್ತದ ಕ್ಯಾನ್ಸರ್). ಲುಕೇಮಿಯಾ ಇದ್ದವರ ಎದೆಯಲ್ಲಿ ನೀರು ಬಂದರೆ ಕಾಯಿಲೆ ಹರಡಿದೆ ಎಂದೇ ಅರ್ಥವಲ್ಲ. ನನಗೆ ಬಂದದ್ದು ಅದಕ್ಕೆ ಕೊಡುವ ಡಾಸಾಟಿನಿಬ್ ಮಾತ್ರೆಯಿಂದ. ನಿಲ್ಲಿಸಿದ ಮೇಲೆ ಹೋಯಿತು. ಅಷ್ಟರಲ್ಲಿ ನಮ್ಮ ಭಾವ ಆಸ್ತಿ ಪತ್ರ ಎಲ್ಲಿದೆ ಎಂದು ವಿಚಾರಿಸಿಯಾಗಿತ್ತು.

ಹಾಸನದ ತಂದೆ: ಇದಕ್ಕೂ ಆ ಹುಡುಗನಿಗೂ ಏನು ಸಂಬಂಧ?

ಸಿಎಂಎಲ್, ಆರನೇ ವರ್ಷ: ನಿಮ್ಮ ಹಸುವಿಗಿರುವಷ್ಟು.

ಮೈಸೂರಿನ ಚಿಕ್ಕಪ್ಪ: ದಯವಿಟ್ಟು ಜಗಳ ಬೇಡ. ಸ್ಟೀರಾಯ್ಡ್ ಇನ್ನೂ ಕೊಟ್ಟಿಲ್ಲ. ನಾಳೆ ಮತ್ತೆ ನೀರು ತೆಗೆಯುತ್ತಾರಂತೆ. ಹುಡುಗ ನಿನ್ನೆ ರಾತ್ರಿಯಿಂದ ಅಂಗಾತ ಮಲಗುತ್ತಿಲ್ಲ.

ಹಾಸನದ ತಂದೆ: ಇದನ್ನು ಈಗ ಹೇಳುತ್ತಿದ್ದೀರಾ? ನಾಳೆಯವರೆಗೆ ಏಕೆ? ಫೋನ್ ಕೆಳಗಿಟ್ಟು ಈಗಲೇ ಡ್ಯೂಟಿ ಡಾಕ್ಟರನ್ನು ಕರೆಯಿರಿ.