ಪುಸ್ತಕ ಕೂಟದಲ್ಲಿ ಮಕ್ಕಳು ಬಾಯಿ ಬಿಡುತ್ತಿಲ್ಲ, ಏನು ಮಾಡಲಿ?

ಮುಳಬಾಗಿಲು ಹತ್ತಿರದ ಶಾಲೆ. ಏಳನೇ ಕ್ಲಾಸಿನ 24 ಮಕ್ಕಳ ಜೊತೆ ಶನಿವಾರ ಪುಸ್ತಕ ಕೂಟ ನಡೆಸುತ್ತೇನೆ. ನಾನು ಓದುತ್ತೇನೆ, ಅವರು ಕೇಳುತ್ತಾರೆ. ಹೇಗಿತ್ತು ಅಂದರೆ "ಚೆನ್ನಾಗಿತ್ತು ಮಿಸ್". ಅಷ್ಟೇ. ಗುಂಪು ಚಟುವಟಿಕೆ ಮಾಡಿಸಿದವರು ಹೇಳಿ.

ಬಂಗಾರಪೇಟೆಯಿಂದ:
ಮೊದಲು "ಹೇಗಿತ್ತು" ಅಂತ ಕೇಳುವುದನ್ನು ಬಿಡಿ ಮಿಸ್. ಅದಕ್ಕೆ ದೊಡ್ಡವರೂ ಚೆನ್ನಾಗಿತ್ತು ಅಂತಲೇ ಹೇಳುವುದು. ನಾನು ಆರಾರು ಜನರ ಗುಂಪು ಮಾಡಿ ಕೆಟ್ಟೆ. ಚುರುಕಾದ ಒಬ್ಬಳು ಬರೆಯುತ್ತಿದ್ದಳು, ಉಳಿದ ಐವರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಮೂರಕ್ಕೆ ಇಳಿಸಿದೆ. ಮೂವರಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ.

ನಮ್ಮಲ್ಲಿ ಗೆದ್ದಿದ್ದು ತುಂಡು ಆಟ. ಕತೆಯನ್ನು ಜೆರಾಕ್ಸ್ ಮಾಡಿಸಿ, ಆರು ತುಂಡು ಮಾಡಿ, ಕಲಸಿ ಕೊಡುತ್ತೇನೆ. ಅವರು ಜೋಡಿಸಬೇಕು. ಒಂದು ಗುಂಪು ಅಜ್ಜಿ ಸತ್ತ ತುಂಡನ್ನೇ ಮೊದಲಿಗೆ ಇಟ್ಟಿತು. ಪಕ್ಕದವರು "ತಪ್ಪು ತಪ್ಪು" ಅಂತ ಕೂಗಿದರು. "ಯಾಕೆ, ಮೊಮ್ಮಗ ನೆನಪು ಮಾಡ್ಕೊಳ್ತಿದಾನೆ ಅಂದ್ಕೊಳ್ರೋ" ಅಂದ, ಅದುವರೆಗೂ ತುಟಿ ಪಿಟಕ್ ಅನ್ನದ ಹುಡುಗ. ಇಪ್ಪತ್ತು ನಿಮಿಷ ಜಗಳ. ನಾನು ಸುಮ್ನೆ ನಿಂತಿದ್ದೆ.

ಶ್ರೀನಿವಾಸಪುರದಿಂದ:
ನಿಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಅಲ್ವಾ? ಕತೆ ಅರ್ಥ ಆಗಿರುತ್ತದೆ, ಕನ್ನಡ ತಪ್ಪಾದರೆ ನಗುತ್ತಾರೆ ಅನ್ನೋ ಭಯ. ಗುಂಪಿನೊಳಗೆ ತೆಲುಗಲ್ಲೇ ಮಾತಾಡಿಕೊಳ್ಳಿ, ಎದ್ದು ನಿಂತಾಗ ಕನ್ನಡ ಅಂತ ಬಿಟ್ಟೆ. ಗದ್ದಲ ಜಾಸ್ತಿ ಆಯಿತು. ಆಗಲಿ. ಪ್ರತಿಗಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡದಲ್ಲೂ ತೆಲುಗಿನಲ್ಲೂ ಮಕ್ಕಳ ಕತೆಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಇವೆ. ಪ್ರಿಂಟ್ ತೆಗೆಸಿ ಕತ್ತರಿಸಬಹುದು.

ಮಾಲೂರಿನಿಂದ:
ನಾಟಕಕ್ಕೆ ಮಾತ್ರ ಕೈ ಹಾಕಬೇಡಿ. ಮೀಸೆ ಬಳಿದುಕೊಳ್ಳುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಒಬ್ಬರನ್ನು ಕತೆಯ ಪಾತ್ರ ಮಾಡಿ ಕುರ್ಚಿಯಲ್ಲಿ ಕೂರಿಸಿ, ಉಳಿದವರು ಪ್ರಶ್ನೆ ಕೇಳಲಿ. ಕ್ವಿಜ್ ಅಂತೂ ಬೇಡವೇ ಬೇಡ. ಮಾಸ್ತಿ ನಮ್ಮ ತಾಲ್ಲೂಕಿನವರು, 1983ರ ಜ್ಞಾನಪೀಠ ಅಂತ ನಮ್ಮ ಮಕ್ಕಳು ಫಟ್ ಅಂತ ಹೇಳುತ್ತಾರೆ. ಅವರ ಒಂದು ಕತೆ ಹೇಳ್ರೋ ಅಂದರೆ ಫ್ಯಾನ್ ನೋಡುತ್ತಾರೆ.

ಮುಳಬಾಗಿಲಿನಿಂದ ಮತ್ತೆ:
ಈ ಶನಿವಾರ ತುಂಡು ಆಟ ಮಾಡಿಸಿದೆ, ಮೂರು ಮೂರು ಜನ, ತೆಲುಗಿಗೂ ಅನುಮತಿ ಕೊಟ್ಟು. ಒಂದು ಗುಂಪಿನ ನಾಲ್ಕನೇ ತುಂಡು ಗಾಳಿಗೆ ಕಿಟಕಿಯಾಚೆ ಹಾರಿಹೋಯಿತು. ಅದರಲ್ಲಿ ಏನಿರಬಹುದು ಅಂತ ಮೂವರೂ ಅವರವರದ್ದೇ ಒಂದೊಂದು ಕಟ್ಟಿ ಹೇಳಿದರು. ಮುಂದಿನ ವಾರ ಬೇಕಂತಲೇ ಒಂದು ತುಂಡು ಎತ್ತಿಟ್ಟುಕೊಳ್ಳುತ್ತೇನೆ.