ಸೀಸದ ಗುಂಡು ಬಿಡಬೇಕಾ? ಕ್ಲಬ್ಬಿನಲ್ಲಿ ಎರಡು ಬಣ ಆಗಿದೆ, ಮಗಳ ವಿಷಯದಲ್ಲಿ ನಾನೇನು ಮಾಡಲಿ?

ರೈಫಲ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 14 ವರ್ಷ. 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಈಗೀಗ ಒಳಾಂಗಣ ರೇಂಜಿನಲ್ಲಿ .22 (ಮದ್ದು ಉರಿದು ಗುಂಡು ಹಾರುವ ಸಣ್ಣ ರೈಫಲ್) ಕೂಡ ಶುರು ಮಾಡಿದ್ದಾಳೆ. ಮೊನ್ನೆ ಕ್ಲಬ್ಬಿನ ಸಭೆಯಲ್ಲಿ ಸೀಸದ ಗುಂಡುಗಳನ್ನು ಹಂತ ಹಂತವಾಗಿ ಬಿಡೋಣ ಎಂಬ ಮಾತು ಬಂತು. ಅಷ್ಟೇ, ಗಲಾಟೆ ಶುರುವಾಯಿತು. 'ಇದು ಬೇಟೆಯವರ ತಲೆನೋವು, ಕಾಗದಕ್ಕೆ ಗುರಿ ಇಡೋ ನಮಗೆ ಯಾಕೆ?' ಅಂತ ಒಬ್ಬರು. 'ಮಕ್ಕಳ ಆರೋಗ್ಯಕ್ಕಿಂತ ನಿಮ್ಮ ಸ್ಕೋರ್ ದೊಡ್ಡದಾ?' ಅಂತ ಇನ್ನೊಬ್ಬರು. ಯಾವ ತೀರ್ಮಾನವೂ ಆಗಲಿಲ್ಲ.

ಮಗಳು ಡಬ್ಬಿಯಿಂದ ಪೆಲೆಟ್‌ಗಳನ್ನು (ಏರ್ ರೈಫಲಿನ ಪುಟ್ಟ ಸೀಸದ ಗುಂಡು) ಒಂದೊಂದೇ ಬೆರಳಲ್ಲಿ ತೆಗೆದು ಹಾಕುತ್ತಾಳೆ. ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಹೆಬ್ಬೆರಳು, ತೋರುಬೆರಳ ತುದಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದೇ ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾಳೆ. ಇದರಿಂದ ನಿಜಕ್ಕೂ ಎಷ್ಟು ಅಪಾಯ? ಸೀಸ ಬಿಟ್ಟರೆ ಸ್ಕೋರ್ ಬೀಳುತ್ತಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ರೇಂಜ್ ಆಫೀಸರ್:

ಮೇಡಂ, ಒಳಾಂಗಣ ರೇಂಜ್ ನೋಡಿಕೊಳ್ಳುವುದೇ ನನ್ನ ಕೆಲಸ. ನಿಮ್ಮ ಸಭೆಯಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ ಅನ್ನಿಸುತ್ತದೆ. ಏರ್ ರೈಫಲ್, .22, ಮತ್ತೆ ಒಂದೇ ಸಲಕ್ಕೆ ನೂರಾರು ಸಣ್ಣ ಗುಂಡು ಹಾರಿಸುವ ಶಾಟ್‌ಗನ್. ಮೂರರಲ್ಲೂ ಸೀಸ ಇದೆ. ಆದರೆ ಅದು ಹೋಗಿ ಸೇರುವ ಜಾಗ ಬೇರೆ.

ಮೊದಲು .22 ಬಗ್ಗೆ ಹೇಳ್ತೀನಿ, ಯಾಕೆಂದರೆ ನನಗೆ ಜಾಸ್ತಿ ಚಿಂತೆ ಇರುವುದು ಅಲ್ಲಿ. ಸೀಸ ಅಂದರೆ ಗುಂಡು ಮಾತ್ರ ಅಂತ ಎಲ್ಲರೂ ತಿಳಿದಿರುತ್ತಾರೆ. ಗುಂಡಿಗೆ ಕಿಡಿ ಕೊಡುವ ಪ್ರೈಮರಿನಲ್ಲೂ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಟ್ರಿಗರ್ ಎಳೆದ ಕೂಡಲೇ ಅದು ಉರಿದು ಹೊಗೆಯಾಗುತ್ತದೆ. ಬಿಸಿ ಅನಿಲ ಗುಂಡಿನ ತಳದಿಂದಲೂ ಒಂದಿಷ್ಟು ಸೀಸವನ್ನು ಕಿತ್ತು ಗಾಳಿಗೆ ಸೇರಿಸುತ್ತದೆ. ಈ ಕಣಗಳು ಬಹಳ ಸಣ್ಣವು, ಸೀದಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಅದಕ್ಕೇ ಒಳಾಂಗಣ ರೇಂಜಿನಲ್ಲಿ ಗಾಳಿ ಶೂಟರ್ ಬೆನ್ನ ಹಿಂದಿನಿಂದ ಬಂದು ಗುರಿಯ ಕಡೆಗೆ ಹೋಗಬೇಕು. ನೀವೇ ಪರೀಕ್ಷೆ ಮಾಡಬಹುದು. ಶೂಟಿಂಗ್ ಇಲ್ಲದ ಹೊತ್ತಲ್ಲಿ ಫ್ಯಾನ್ ಹಾಕಿಸಿ, ಫೈರಿಂಗ್ ಲೈನಲ್ಲಿ ಮುಖದ ಎತ್ತರಕ್ಕೆ ಟಿಶ್ಯೂ ಪೇಪರಿನ ಒಂದು ಎಳೆ ಹಿಡಿಯಿರಿ. ಅದು ಗುರಿಯ ಕಡೆಗೆ ಬಾಗಬೇಕು. ಅಲ್ಲಾಡದೆ ಇಳಿಬಿದ್ದರೆ, ಇಲ್ಲಾ ನಿಮ್ಮ ಮುಖದ ಕಡೆಗೇ ಬಂದರೆ, ಅಲ್ಲಿ ಮಗಳನ್ನು ಬಿಡಬೇಡಿ.

ಇನ್ನೊಂದು ವಿಷಯ ಪೊರಕೆ. ನೆಲಕ್ಕೆ ಬಿದ್ದ ಧೂಳನ್ನು ಒಣ ಪೊರಕೆಯಲ್ಲಿ ಗುಡಿಸಿದರೆ ಅಷ್ಟೂ ಸೀಸ ಮತ್ತೆ ಮೇಲೇಳುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕೂಡ ಸಣ್ಣ ಕಣಗಳನ್ನು ಹಿಂದಿನಿಂದ ಉಗುಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅಥವಾ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರ ಬೇಕು. ಸೀಸ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ವಾದ ಮಾಡುವ ಕ್ಲಬ್ಬುಗಳಲ್ಲಿ ಒಣ ಪೊರಕೆ ಆಡುತ್ತಲೇ ಇರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಏರ್ ರೈಫಲಿನಲ್ಲಿ ಪ್ರೈಮರ್ ಇಲ್ಲ, ಹೊಗೆ ಇಲ್ಲ. ಅಪಾಯ ತುಂಬಾ ಕಡಿಮೆ, ಆದರೆ ಸೊನ್ನೆ ಅಲ್ಲ. ನೀವು ನೋಡಿದ ಬೂದು ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ. ಅದು ಒಳಗೆ ಹೋಗುವುದು ಬಾಯಿಯ ಮೂಲಕ, ಬಾಟಲಿ ಮುಚ್ಚಳದ ದಾರಿಯಲ್ಲೇ. ಪೆಲೆಟ್ ಟ್ರ್ಯಾಪ್ (ಗುರಿಯ ಹಿಂದೆ ಗುಂಡು ಹಿಡಿಯುವ ಪೆಟ್ಟಿಗೆ) ಖಾಲಿ ಮಾಡುವಾಗಲೂ ಧೂಳು ಏಳುತ್ತದೆ. ಆ ಕೆಲಸ ಮಕ್ಕಳಿಗೆ ಹೇಳಲೇಬಾರದು.

ಸ್ಕೋರ್ ವಿಷಯ. ತವರದ ಪೆಲೆಟ್‌ಗಳು ಈಗ ಸಿಗುತ್ತವೆ. ನಿಯಮದಲ್ಲೂ ಅಡ್ಡಿಯಿಲ್ಲ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ 4.5 ಮಿಲಿಮೀಟರ್ ಪೆಲೆಟ್ ಸೀಸದ್ದು ಅಥವಾ ಬೇರೆ ಮೃದು ವಸ್ತುವಿನದು ಇರಬಹುದು ಅನ್ನುತ್ತದೆ. ಆದರೆ ತವರ ಹಗುರ. ಗುಂಡು ಬೀಳುವ ಜಾಗ ಬದಲಾಗುತ್ತದೆ, ಗುರಿ ನೋಡುವ ಸೈಟ್ ಮತ್ತೆ ಹೊಂದಿಸಬೇಕು. ಏರ್ ರೈಫಲ್ ಟಾರ್ಗೆಟ್ಟಿನ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್, ಅಲ್ಲಿ ಸಣ್ಣ ವ್ಯತ್ಯಾಸವೂ ಕಾಣುತ್ತದೆ. .22ರಲ್ಲಿ ಕಷ್ಟ ಇನ್ನೂ ಜಾಸ್ತಿ. ಸೀಸ ಮೆತ್ತಗಿರುವುದರಿಂದ ಬ್ಯಾರೆಲ್ಲಿನ ಗೆರೆಗಳಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅದರ ಬದಲಿಗೆ ಬರುವ ತಾಮ್ರ ಗಟ್ಟಿ, ಮೇಲಾಗಿ ಹಗುರ. 50 ಮೀಟರಿನಲ್ಲಿ ಮ್ಯಾಚ್ ದರ್ಜೆಯ ಸೀಸಕ್ಕೆ ಸಮನಾದದ್ದು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಕ್ಲೇ ಮತ್ತು ಗಾಳಿ:

ರೇಂಜ್ ಆಫೀಸರ್ ಸರ್, ನೀವು ಶಾಟ್‌ಗನ್ ವಿಷಯವನ್ನು ಹೆಸರು ಹೇಳಿ ಬಿಟ್ಟುಬಿಟ್ಟಿರಿ. ನಾನು ಟ್ರ್ಯಾಪ್ ಹೊಡೆಯುವವನು, ಅಂದರೆ ಗಾಳಿಗೆ ಹಾರಿಸಿದ ಬಿಲ್ಲೆಯನ್ನು (ಕ್ಲೇ) ಶಾಟ್‌ಗನ್ನಿನಲ್ಲಿ ಒಡೆಯುವ ಆಟ. ನಿಷೇಧ ಅಂತ ಬಂದಾಗ ಮೊದಲ ಪೆಟ್ಟು ನಮಗೇ.

ಸೀಸದ ಸಾಂದ್ರತೆ 11.3, ಅದರ ಬದಲಿಗೆ ಹಾಕುವ ಉಕ್ಕಿನದು 7.8. ಒಂದೇ ಅಳತೆಯ ಉಕ್ಕಿನ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ. ದೂರ ಹೋದ ಕ್ಲೇ ಒಡೆಯಲ್ಲ. ದೊಡ್ಡ ಗುಂಡು ಹಾಕಿದರೆ ಕಾರ್ಟ್ರಿಜ್‌ನಲ್ಲಿ ಹಿಡಿಯುವ ಸಂಖ್ಯೆ ಕಡಿಮೆ. ಉಕ್ಕು ಗಟ್ಟಿ, ಹಳೇ ಬಂದೂಕಿನ ಬಿಗಿ ಚೋಕ್ (ಬ್ಯಾರೆಲ್ ತುದಿಯ ಕಿರಿದಾದ ಭಾಗ) ಹಾಳು ಮಾಡಬಹುದು. ಗಟ್ಟಿ ಜಾಗಕ್ಕೆ ಬಡಿದರೆ ಪುಟಿದು ವಾಪಸ್ ಬರುತ್ತದೆ. ಮರದೊಳಗೆ ಹೊಕ್ಕರೆ ಮುಂದೆ ಗರಗಸದ ಹಲ್ಲು ಮುರಿಯುತ್ತದೆ. ಬ್ಯಾರೆಲ್ ಉಳಿಸಲು ಗುಂಡುಗಳ ಸುತ್ತ ದಪ್ಪ ಪ್ಲಾಸ್ಟಿಕ್ ಬಟ್ಟಲು (ವಾಡ್) ಬೇಕು, ಆ ಪ್ಲಾಸ್ಟಿಕ್ ಬೀಳುವುದೂ ಅದೇ ನೆಲಕ್ಕೆ. ಬಿಸ್ಮತ್ ಎಂಬ ಲೋಹದ ಗುಂಡು ಚೆನ್ನಾಗಿದೆ, ಆದರೆ ದಿನಾ ಪ್ರಾಕ್ಟೀಸ್ ಮಾಡುವವರಿಗೆ ಆ ಖರ್ಚು ತಡೆಯೋದಿಲ್ಲ.

ಎಲ್ಲಕ್ಕಿಂತ ಮುಖ್ಯ, ದೊಡ್ಡ ಸ್ಪರ್ಧೆಗಳಲ್ಲಿ ಎದುರಾಳಿ ಸೀಸ ಹೊಡೆಯುತ್ತಿರುತ್ತಾನೆ. ಉಕ್ಕಿನಲ್ಲಿ ಪಳಗಿದ ಹುಡುಗ ಅಲ್ಲಿಗೆ ಹೋಗಿ ಹಾರುವ ಕ್ಲೇಗಿಂತ ಎಷ್ಟು ಮುಂದೆ ಗುರಿ ಇಡಬೇಕು ಎಂಬ ಅಂದಾಜನ್ನೇ ಬದಲಿಸಿಕೊಳ್ಳಬೇಕು. ಇದು ನ್ಯಾಯವಾ? ನಮ್ಮ ಮೈದಾನದಲ್ಲಿ ಆಗಾಗ ಮೇಲ್ಮಣ್ಣು ಜರಡಿ ಹಿಡಿದು ಸೀಸ ತೆಗೆಸುತ್ತೇವೆ. ನಾವೇನೂ ಕಣ್ಣು ಮುಚ್ಚಿ ಕೂತಿಲ್ಲ.

ರೇಂಜ್ ಆಫೀಸರ್:

ಸರ್, ನೀವು ಹೇಳಿದ ತೊಂದರೆಗಳೆಲ್ಲ ನಿಜ. ಜರಡಿ ಹಿಡಿಸುತ್ತೀರಲ್ಲ, ಅದು ಎಷ್ಟೋ ಕ್ಲಬ್ಬುಗಳಿಗೆ ಹೊಳೆದೇ ಇಲ್ಲ. ಆದರೂ ಒಂದು ಲೆಕ್ಕ ಹಾಕಿ. ಒಂದು ಕಾರ್ಟ್ರಿಜ್‌ನಲ್ಲಿ 24 ಗ್ರಾಂ. ಟ್ರ್ಯಾಪ್ ಅರ್ಹತಾ ಸುತ್ತಿನಲ್ಲಿ 125 ಕ್ಲೇ. ಒಂದು ಕ್ಲೇಗೆ ಒಂದೇ ಕಾರ್ಟ್ರಿಜ್ ಹೊಡೆದರೂ ಒಬ್ಬ ಶೂಟರ್ ಮೂರು ಕಿಲೋ ಸೀಸವನ್ನು ಬಯಲಿಗೆ ಚೆಲ್ಲಿದಂತೆ. 2.4 ಮಿಲಿಮೀಟರಿನ ಗುಂಡಾದರೆ ಪ್ರತಿ ಕಾರ್ಟ್ರಿಜ್‌ನಿಂದ ಸುಮಾರು 300 ಕಾಳು. .22 ರೇಂಜಿನಲ್ಲಿ ಗುಂಡೆಲ್ಲ ಗುರಿಯ ಹಿಂದಿನ ಒಂದೇ ಜಾಗಕ್ಕೆ ಹೋಗಿ ಬೀಳುತ್ತದೆ, ಬಾಚಿ ತೆಗೆಯಬಹುದು. ನಿಮ್ಮಲ್ಲಿ ಅದು ಎಕರೆಗಟ್ಟಲೆ ಹರಡಿಕೊಳ್ಳುತ್ತದೆ.

ಹಕ್ಕಿಗಳು ಆಹಾರ ಅರೆಯಲು ಸಣ್ಣ ಕಲ್ಲು ನುಂಗುತ್ತವೆ ಅಲ್ವಾ? ಕಲ್ಲು ಅಂದುಕೊಂಡು ಈ ಕಾಳುಗಳನ್ನೂ ನುಂಗುತ್ತವೆ. ಜಠರದಲ್ಲಿ ಸೀಸ ಸವೆದು, ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಕೆಲವೇ ಕಾಳು ಸಾಕು, ಬಾತುಕೋಳಿ ಸಾಯಲು. ಅಮೆರಿಕ 1991ರಲ್ಲೇ ನೀರುಹಕ್ಕಿಗಳ ಬೇಟೆಗೆ ಸೀಸ ನಿಲ್ಲಿಸಿದ್ದು ಇದಕ್ಕೇ. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಶಾಟ್ (ಈ ಕಾಳುಗಳು) ಹೊಡೆಯುವಂತಿಲ್ಲ. 'ಬೇಟೆಯವರ ತಲೆನೋವು' ಅಂದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕ್ಯಾಲಿಫೋರ್ನಿಯಾದ 2019ರ ನಿಷೇಧ ಬೇಟೆಗೆ ಮಾತ್ರ. ಆದರೆ ಬಿದ್ದ ಕಾಳು ಬೇಟೆಯದೋ ಕ್ರೀಡೆಯದೋ ಹಕ್ಕಿಗೆ ಹೇಗೆ ಗೊತ್ತಾಗಬೇಕು?

ಡೆನ್ಮಾರ್ಕ್ 1996ರಲ್ಲೇ ಸೀಸದ ಶಾಟ್ ನಿಲ್ಲಿಸಿತು. ಅಲ್ಲಿ ಕ್ಲೇ ಶೂಟಿಂಗ್ ಸತ್ತುಹೋಗಲಿಲ್ಲ, ಉಕ್ಕಿನಲ್ಲೇ ನಡೆಯುತ್ತಿದೆ. ಸ್ಪರ್ಧೆಯ ಎದುರಾಳಿಯ ಬಗ್ಗೆ ನೀವು ಹೇಳಿದ್ದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಸ್ಪರ್ಧೆಯ ನಿಯಮ ಬದಲಾಗುವ ತನಕ ಆ ಮಟ್ಟದ ಶೂಟರ್‌ಗಳಿಗೆ ವಿನಾಯಿತಿ ಇರಲೇಬೇಕು. ಉಳಿದ ನಾವು, ವಾರಾಂತ್ಯಕ್ಕೆ ಸುಮ್ನೆ ಖುಷಿಗೆ ಕ್ಲೇ ಒಡೆಯುವವರು, ಯಾಕೆ ಕಾಯಬೇಕು? ಉಕ್ಕು ತಡೆಯುವ ಬಂದೂಕು ಇದ್ದವರು ಮೊದಲು ಬದಲಾಗಲಿ.

ರೈಫಲ್ ಅಮ್ಮ:

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಟಿಶ್ಯೂ ಪೇಪರ್ ಪರೀಕ್ಷೆ ನಾಳೆಯೇ ಮಾಡ್ತೀನಿ. ಇವಳ ರಕ್ತ ಪರೀಕ್ಷೆ ಮಾಡಿಸಬೇಕಾ? ಮನೆಯಲ್ಲಿ ಎರಡು ವರ್ಷದ ಮಗನೂ ಇದ್ದಾನೆ.

ಡಾಕ್ಟರ್ ಪಿಸ್ತೂಲ್:

ಮೇಡಂ, ನಾನು ವೈದ್ಯೆ, ಜೊತೆಗೆ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಮಾಡಿಸಿ. .22 ಮುಂದುವರಿಸುತ್ತಾಳಾದರೆ ಆಗಾಗ ಮಾಡಿಸುತ್ತಿರಿ. ರಕ್ತನಾಳದಿಂದ ತೆಗೆದ ರಕ್ತದ ಪರೀಕ್ಷೆಯೇ ಬೇಕು, ಕೂದಲಿನ ಪರೀಕ್ಷೆಯನ್ನು ನಂಬಬೇಡಿ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಹೇಳುತ್ತಿದೆ. ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಅಂತ ಅರ್ಥ ಅಲ್ಲ. ಸುರಕ್ಷಿತ ಅನ್ನಬಹುದಾದ ಮಟ್ಟವೇ ಇಲ್ಲ. ಸೀಸ ರಕ್ತದಲ್ಲಿ ಕೆಲವು ವಾರ ಇರುತ್ತದೆ, ಎಲುಬಿಗೆ ಸೇರಿದರೆ ದಶಕಗಳ ಕಾಲ ಅಲ್ಲೇ ಕೂರುತ್ತದೆ.

ನನ್ನ ಭಯ ಸಣ್ಣ ಮಗನ ಬಗ್ಗೆ ಜಾಸ್ತಿ. ನೆಲದಲ್ಲಿ ಆಡುತ್ತಾನೆ, ಕೈ ಬಾಯಿಗೆ ಹಾಕುತ್ತಾನೆ, ಆ ವಯಸ್ಸಿನ ದೇಹ ನುಂಗಿದ ಸೀಸವನ್ನು ದೊಡ್ಡವರಿಗಿಂತ ಎಷ್ಟೋ ಪಾಲು ಹೆಚ್ಚು ಹೀರುತ್ತದೆ. ಮಗಳ ರೇಂಜ್ ಶೂ ಮನೆಯೊಳಗೆ ಬರಬಾರದು. ಶೂಟಿಂಗ್ ಬಟ್ಟೆ ಬೇರೆಯೇ ಒಗೆಯಿರಿ. ರೇಂಜಿನಲ್ಲಿ ತಿನ್ನೋದು ಕುಡಿಯೋದು ಬೇಡ. ಬರೀ ಸೋಪಿಗೆ ಸೀಸ ಪೂರ್ತಿ ಬಿಡಲ್ಲ, ಅದಕ್ಕೆಂದೇ ಮಾಡಿದ ವೈಪ್ಸ್ ಸಿಕ್ಕರೆ ಮೊದಲು ಅದರಲ್ಲಿ ಒರೆಸಿ ಆಮೇಲೆ ತೊಳೆಯಲಿ. ಕಬ್ಬಿಣದ ಅಂಶ ಕಡಿಮೆ ಇರುವ ಮಕ್ಕಳಲ್ಲಿ ಸೀಸ ಜಾಸ್ತಿ ಹೀರಿಕೊಳ್ಳುತ್ತದೆ, ಅದನ್ನೂ ಅದೇ ರಕ್ತದಲ್ಲಿ ನೋಡಿಸಿ. ನಿಮ್ಮ ಕ್ಲಬ್ಬಿನಲ್ಲಿ ಗರ್ಭಿಣಿಯರು ಯಾರಾದರೂ ಹೊಡೆಯುತ್ತಿದ್ದರೆ ದಯವಿಟ್ಟು ಅವರಿಗೂ ಹೇಳಿ. ಸೀಸ ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತದೆ.

ಕ್ಲೇ ಮತ್ತು ಗಾಳಿ:

ರೇಂಜ್ ಆಫೀಸರ್ ಸರ್, ವಿನಾಯಿತಿಯ ಮಾತು ಬರವಣಿಗೆಯಲ್ಲಿ ಬಂದರೆ ನಾನು ನಿಷೇಧಕ್ಕೆ ಎದುರು ನಿಲ್ಲಲ್ಲ. ಆದರೆ ಪುಟಿದು ಬರುವ ಗುಂಡಿನ ವಿಷಯ ಹಗುರವಾಗಿ ತಗೋಬೇಡಿ. ಉಕ್ಕಿಗೆ ಬದಲಾಗುವ ಮೊದಲು ಮೈದಾನದ ಕಬ್ಬಿಣದ ಕಂಬ, ಕಾಂಕ್ರೀಟ್ ಅಂಚು ಎಲ್ಲ ಮುಚ್ಚಿಸಬೇಕು, ಎಲ್ಲರೂ ಕನ್ನಡಕ ಹಾಕಬೇಕು.

ರೇಂಜ್ ಆಫೀಸರ್:

ಒಪ್ಪಿದೆ ಸರ್, ಕನ್ನಡಕ ನೋಡಲು ನಿಂತವರಿಗೂ ಬೇಕು.

ಮೇಡಂ, ತವರದ ಪೆಲೆಟ್ ಪ್ರಯತ್ನಿಸುವುದಾದರೆ ಸೀಸನ್ ನಡುವೆ ಬೇಡ. ಪೆಲೆಟ್ಟಿನ ತಲೆಯ ಅಳತೆ 4.49 ಮತ್ತು 4.50 ಮಿಲಿಮೀಟರ್, ಎರಡರ ಡಬ್ಬಿಯನ್ನೂ ತರಿಸಿ. ರೈಫಲನ್ನು ಕ್ಲ್ಯಾಂಪಿಗೆ ಕಟ್ಟಿ, ಎರಡರಲ್ಲೂ ಹತ್ತು ಹತ್ತು ಗುಂಡಿನ ಗುಂಪು ಹೊಡೆಸಿ. ಪಕ್ಕದಲ್ಲಿ ಅವಳ ಈಗಿನ ಸೀಸದ ಪೆಲೆಟ್ಟಿನ ಗುಂಪೂ ಇರಲಿ. ತವರದ ರಂಧ್ರ ಅದರಷ್ಟೇ ಚಿಕ್ಕದಾಗಿ ಬಂದರೆ ಪ್ರಾಕ್ಟೀಸಿಗೂ ಮ್ಯಾಚಿಗೂ ಅದನ್ನೇ ಇಟ್ಟುಕೊಳ್ಳಲಿ. ಸ್ವಲ್ಪ ದೊಡ್ಡದಾದರೆ ನಿಲುವು, ಉಸಿರು, ಟ್ರಿಗರ್ ಅಭ್ಯಾಸಕ್ಕೆ ತವರ ಬಳಸಿ, ಮ್ಯಾಚ್ ಹತ್ತಿರ ಬಂದಾಗ ಸೀಸಕ್ಕೆ ಬದಲಾಗಲಿ. ಬದಲಾದಾಗಲೆಲ್ಲ ಸೈಟ್ ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಲು ಹೇಳಿ.